ಪಂದ್ಯವೇ ಇಲ್ಲದ ವರ್ಷಗಳ ಕ್ಯಾಪ್ಟನ್

2009ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಮಹಿಳಾ ರ‍್ಯಾಂಕಿಂಗ್ ಪಟ್ಟಿಯಿಂದ ಭಾರತದ ಹೆಸರು ಬಿದ್ದುಹೋಯಿತು. ಸೋತು ಸೋತು ಕೆಳಗಿಳಿದಿದ್ದರೆ ಅದೊಂದು ಮಾತು. ಇಲ್ಲಿ ಹೆಸರೇ ಮಾಯ. ಆಗಿನ ನಿಯಮ ಸರಳವಾಗಿತ್ತು. 18 ತಿಂಗಳಿಗಿಂತ ಜಾಸ್ತಿ ಕಾಲ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದ ತಂಡಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ನಮ್ಮ ಹುಡುಗಿಯರು ಆಡಿರಲಿಲ್ಲ. ಅವರನ್ನು ಆಡಿಸುವವರು ಇರಲಿಲ್ಲ ಎಂದರೆ ಇನ್ನೂ ಸರಿ.

ಆ ಹೊತ್ತಿಗೆ ಮಣಿಪುರದ ಓಯ್ನಂ ಬೆಂಬೆಂ ದೇವಿ ಅವರಿಗೆ 29 ವರ್ಷ. ಭಾರತದ ಕ್ಯಾಪ್ಟನ್ ಪಟ್ಟ ಅವರಿಗೆ ಬಂದದ್ದು 2003ರಲ್ಲಿ. ಅಂದರೆ ಮೈದಾನದ ನಡುಭಾಗದಲ್ಲಿ ಆಡುವ ಒಬ್ಬ ಮಿಡ್‌ಫೀಲ್ಡರ್‌ಗೆ ಕಾಲಿನ ಬಲವೂ ತಲೆಯ ಅನುಭವವೂ ಒಟ್ಟಿಗೆ ಕೂಡಿಬರುವ ವಯಸ್ಸಿನಲ್ಲಿ, ಅವರ ತಂಡ ಕಾಗದದ ಮೇಲೂ ಉಳಿದಿರಲಿಲ್ಲ.

ಬೆಂಬೆಂ ದೇವಿ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರು ಗೆದ್ದ ಕಪ್‌ಗಳಿಂದ ಶುರು ಮಾಡುತ್ತಾರೆ. ತಪ್ಪೇನಿಲ್ಲ, ಗೆದ್ದದ್ದು ಕಡಿಮೆಯೇನಲ್ಲ. ಆದರೆ ಅವರ ಬದುಕಿನ ದೊಡ್ಡ ಕೆಲಸ ಕಪ್ ಎತ್ತಿದ ದಿನಗಳಲ್ಲಿ ಇಲ್ಲ ಅಂತ ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ. ಪಂದ್ಯವೇ ಇಲ್ಲದ ವರ್ಷಗಳಲ್ಲಿ, ಮುಂದೆ ಯಾವಾಗ ಪಂದ್ಯ ಅಂತ ಹೇಳುವವರೂ ಇಲ್ಲದಾಗ, ಪಂದ್ಯಕ್ಕೆ ತಯಾರಾಗಿ ಉಳಿದರಲ್ಲ, ಆ ಕೆಲಸ ದೊಡ್ಡದು. ಅದಕ್ಕೆ ಯಾರೂ ಕಪ್ ಕೊಡುವುದಿಲ್ಲ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಕ್ಯಾಪ್ಟನ್ ಅಂದರೆ ಒಂದು ಚಿತ್ರ ತಲೆಯಲ್ಲಿ ಕೂತಿದೆ. ಬೌಲರ್ ಬದಲಿಸುವವರು, ಫೀಲ್ಡಿಂಗ್ ಹೊಂದಿಸುವವರು, ಡಿಕ್ಲೇರ್ ಮಾಡುವವರು. ಫುಟ್‌ಬಾಲ್‌ನಲ್ಲಿ ಈ ಅಧಿಕಾರ ಯಾವುದೂ ಇಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಹೊರಗೆ ಕರೆಯಬೇಕು ಅನ್ನುವುದೆಲ್ಲ ಕೋಚ್ ಕೈಯಲ್ಲಿ. ಆಟದ ನಿಯಮದ ಪುಸ್ತಕವೇ ಇದನ್ನು ಬಿಡಿಸಿ ಹೇಳುತ್ತದೆ. ಕ್ಯಾಪ್ಟನ್‌ಗೆ ವಿಶೇಷ ಸ್ಥಾನವಿಲ್ಲ, ವಿಶೇಷ ಹಕ್ಕಿಲ್ಲ, ತಂಡದ ನಡವಳಿಕೆಗೆ ಮಾತ್ರ ಒಂದಷ್ಟು ಹೊಣೆ. ಟಾಸ್‌ಗೆ ಹೋಗಬೇಕು. ತೋಳಿಗೆ ಪಟ್ಟಿ ಕಟ್ಟಿಕೊಳ್ಳಬೇಕು. ಹಕ್ಕಿಲ್ಲದ ಹೊಣೆ ಅಂದರೆ ಇದೇ.

ಹಾಗಾದರೆ ಕ್ಯಾಪ್ಟನ್ ಏನು ಮಾಡುತ್ತಾರೆ? ಟಿವಿಯಲ್ಲಿ ಇದು ಗೊತ್ತಾಗುವುದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಬೆಂಗಳೂರಿನಲ್ಲಿ ಮಹಿಳೆಯರ ಕ್ಲಬ್ ಪಂದ್ಯವೊಂದನ್ನು ಗ್ಯಾಲರಿಯಲ್ಲಿ ಕೂತು ನೋಡುವಾಗ ನಾನು ಬೇಕೆಂದೇ ಚೆಂಡು ಬಿಟ್ಟು ಕ್ಯಾಪ್ಟನ್ ಒಬ್ಬರನ್ನೇ ನೋಡುತ್ತಾ ಹೋದೆ. ಮಿಡ್‌ಫೀಲ್ಡ್ ಆಟಗಾರ್ತಿ. ಚೆಂಡು ತನ್ನ ಕಡೆ ಬರುವ ಮೊದಲೇ ಆಕೆ ಎಡ ಭುಜದ ಮೇಲಿಂದ ಒಮ್ಮೆ, ಬಲ ಭುಜದ ಮೇಲಿಂದ ಒಮ್ಮೆ ಹಿಂದಕ್ಕೆ ನೋಡುತ್ತಿದ್ದರು. ಪ್ರತಿ ಸಲವೂ. ಹಿಂದೆ ಯಾರಿದ್ದಾರೆ, ಎಲ್ಲಿ ಜಾಗ ಖಾಲಿ ಇದೆ ಅನ್ನುವುದು ಚೆಂಡು ಕಾಲಿಗೆ ತಾಗುವ ಮೊದಲೇ ಗೊತ್ತಿರಬೇಕು. ಎರಡನೇ ಅರ್ಧದಲ್ಲಿ ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್ ಆಗಿ ಆಡುತ್ತಿದ್ದ ಚಿಕ್ಕ ಹುಡುಗಿಯೊಬ್ಬಳು ಪಾಸ್ ತಪ್ಪಿಸಿ ಗೋಲು ಬಿಟ್ಟುಕೊಟ್ಟಳು. ಎಲ್ಲರೂ ತಲೆ ತಗ್ಗಿಸಿ ಮಧ್ಯದ ಗೆರೆ ಕಡೆ ನಡೆದರು. ಈ ಕ್ಯಾಪ್ಟನ್ ಮಾತ್ರ ಉಲ್ಟಾ ದಿಕ್ಕಿಗೆ ಹೋಗಿ, ಆ ಹುಡುಗಿಯ ಕತ್ತಿನ ಹಿಂದೆ ಕೈಯಿಟ್ಟು, ಏನೋ ಎರಡು ಮಾತು ಹೇಳಿದರು. ಆಟ ಮತ್ತೆ ಶುರುವಾದ ಮೇಲೆ ತಾನು ಮುಟ್ಟಿದ ಮೊದಲ ಚೆಂಡನ್ನೇ ಅದೇ ಹುಡುಗಿಗೆ ಪಾಸ್ ಮಾಡಿದರು. ನಿನ್ನ ಮೇಲೆ ನನಗೆ ನಂಬಿಕೆ ಇದೆ ಅಂತ ಬಾಯಲ್ಲಿ ಹೇಳುವುದು ಸುಲಭ. ಗೋಲು ಬಿಟ್ಟುಕೊಟ್ಟವಳ ಕಾಲಿಗೇ ಮತ್ತೆ ಚೆಂಡು ಕೊಡುವುದು ಬೇರೆ.

ಬೆಂಬೆಂ ದೇವಿ ಕೂಡ ಮಿಡ್‌ಫೀಲ್ಡರ್. ಈ ಜಾಗದಲ್ಲಿ ಆಡುವವರಿಗೆ ಇಡೀ ಮೈದಾನ ಕಾಣಬೇಕು. ಡಿಫೆನ್ಸ್‌ನಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ತಲುಪಿಸಬೇಕು. ಗೋಲು ಹೊಡೆದವರ ಹೆಸರು ಮರುದಿನದ ಪೇಪರಿನಲ್ಲಿ ಬರುತ್ತದೆ, ಆ ಗೋಲಿಗೆ ದಾರಿ ಮಾಡಿಕೊಟ್ಟವರ ಹೆಸರು ಬರುವುದು ಅಪರೂಪ.

ಅವರು ಹುಟ್ಟಿದ್ದು 1980ರ ಏಪ್ರಿಲ್‌ನಲ್ಲಿ, ಇಂಫಾಲದಲ್ಲಿ. ಎಂಬತ್ತರ ದಶಕದ ಕೊನೆಯಲ್ಲಿ ಹುಡುಗರ ಜೊತೆ ಆಡಲು ಶುರು ಮಾಡಿದರು. ಹುಡುಗಿ ಅಂತ ಗೊತ್ತಾದರೆ ಆಟಕ್ಕೆ ಸೇರಿಸುವುದಿಲ್ಲ. ಅದಕ್ಕೆ ಬೋಬೋ, ಆಮ್ಕೋ ಅಂತ ಹುಡುಗರ ಹೆಸರು ಹೇಳಿಕೊಂಡು ಆಡುತ್ತಿದ್ದರಂತೆ. ಈ ಸಂಗತಿಯನ್ನು ತಮಾಷೆಯ ಕಥೆಯ ಹಾಗೆ ಹೇಳುವವರಿದ್ದಾರೆ. ನನಗೆ ಅದರಲ್ಲಿ ನಗು ಬರುವುದಿಲ್ಲ. ಮುಂದೆ ಭಾರತದ ಕ್ಯಾಪ್ಟನ್ ಆಗುವ ಹುಡುಗಿ ಚೆಂಡು ಮುಟ್ಟುವುದಕ್ಕೆ ತನ್ನ ಹೆಸರನ್ನೇ ಬಚ್ಚಿಡಬೇಕಾಗಿತ್ತು.

ಮಣಿಪುರದ ಹೆಂಗಸರು ಗಟ್ಟಿಗಿತ್ತಿಯರು, ಅದಕ್ಕೇ ಅಲ್ಲಿ ಫುಟ್‌ಬಾಲ್ ಬೆಳೆದಿದೆ ಅನ್ನುವ ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಇಂಫಾಲದ ಇಮಾ ಕೈತೆಲ್ ಮಾರುಕಟ್ಟೆಯನ್ನು ಪೂರ್ತಿ ಹೆಂಗಸರೇ ನಡೆಸುವುದು ನಿಜ. ಅಲ್ಲಿನ ಮಹಿಳಾ ಹೋರಾಟಗಾರ್ತಿಯರಾದ ಮೈರಾ ಪೈಬಿಗಳು ಪಂಜು ಹಿಡಿದು ಬೀದಿಗಿಳಿದ ಚರಿತ್ರೆಯೂ ನಿಜ. ಆದರೆ ಅಷ್ಟು ಹೇಳಿ ಸುಮ್ಮನಾದರೆ ಅಲ್ಲಿ ದುಡಿದವರ ಕೆಲಸವನ್ನು ಮರೆತ ಹಾಗೆ. ಅಲ್ಲಿ ಲೈಕಾಯಿಗಳಿವೆ, ಅಂದರೆ ನಮ್ಮ ಕೇರಿ, ಬಡಾವಣೆ ಇದ್ದ ಹಾಗೆ. ಅಲ್ಲಿ ಆಡಲು ಮೈದಾನವಿದೆ. ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, ಕ್ರಿಫ್ಸಾದಂಥ ಕ್ಲಬ್‌ಗಳು ಹುಡುಗಿಯರ ತಂಡ ಕಟ್ಟಿ ಬೆಳೆಸಿವೆ. ಚೆನ್ನಾಗಿ ಆಡಿದವರಿಗೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಸಿಗುವ ದಾರಿ ಇದೆ. ರಾಷ್ಟ್ರೀಯ ಸೀನಿಯರ್ ಚಾಂಪಿಯನ್‌ಷಿಪ್ ಅನ್ನು ಮಣಿಪುರ ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದಿರುವುದು ರಕ್ತದ ಗುಣದಿಂದ ಅಲ್ಲ, ಈ ವ್ಯವಸ್ಥೆಯಿಂದ. ಇದನ್ನು ಒಪ್ಪಿಕೊಂಡರೆ ಬೇರೆ ರಾಜ್ಯಗಳೂ ಇದನ್ನೇ ಮಾಡಬಹುದು ಅಂತ ಆಗುತ್ತದೆ. ಒಪ್ಪಿಕೊಳ್ಳದಿದ್ದರೆ ಕೈಕಟ್ಟಿ ಕೂರುವುದಕ್ಕೆ ಒಂದು ನೆಪ ಸಿಗುತ್ತದೆ.

1995ರಲ್ಲಿ, 15ನೇ ವಯಸ್ಸಿಗೆ, ಬೆಂಬೆಂ ಭಾರತದ ಪರ ಮೊದಲ ಪಂದ್ಯ ಆಡಿದರು. ಮಲೇಷ್ಯಾದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್.

ಅವರು ಸೇರಿಕೊಂಡ ತಂಡಕ್ಕೆ ಒಂದು ಚರಿತ್ರೆಯಿತ್ತು, ಅದು ಆಗಲೇ ಮರೆತುಹೋಗುತ್ತಿತ್ತು. 1975ರಲ್ಲಿ ಭಾರತದಲ್ಲಿ ಮಹಿಳಾ ಫುಟ್‌ಬಾಲ್‌ಗೆಂದೇ ಒಂದು ಫೆಡರೇಷನ್ ಹುಟ್ಟಿತ್ತು. ಕೋಳಿಕ್ಕೋಡ್‌ನಲ್ಲಿ ನಡೆದ 1979ರ ಸಾಲಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಫೈನಲ್ ತಲುಪಿತ್ತು. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್. ಎರಡರಲ್ಲೂ ಸೋತೆವು, ಆದರೆ ಏಷ್ಯಾದ ಎರಡನೇ ತಂಡ ನಾವು! ಈಗ ಇದನ್ನು ಹೇಳಿದರೆ ಫುಟ್‌ಬಾಲ್ ನೋಡುವವರೂ ಹೌದಾ ಅಂತ ಹುಬ್ಬೇರಿಸುತ್ತಾರೆ. ಆ ತಂಡದ ಶಾಂತಿ ಮಲ್ಲಿಕ್ ಅವರಿಗೆ 1983ರ ಅರ್ಜುನ ಪ್ರಶಸ್ತಿ ಬಂತು. ತೊಂಬತ್ತರ ದಶಕದ ಆರಂಭದಲ್ಲಿ ಮಹಿಳೆಯರ ಆಟದ ಉಸ್ತುವಾರಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೈಗೆ ಹೋಯಿತು. ದೊಡ್ಡ ಮನೆಗೆ ಸೇರಿದರೆ ಹೊಟ್ಟೆ ತುಂಬ ಊಟ ಸಿಗಬೇಕಿತ್ತು. ಸಿಗಲಿಲ್ಲ. ಅದೇ ಹೊತ್ತಿಗೆ ಜಪಾನ್, ಚೀನಾ, ಎರಡೂ ಕೊರಿಯಾಗಳು ಹುಡುಗಿಯರ ಆಟಕ್ಕೆ ದುಡ್ಡು, ಸಮಯ ಎರಡನ್ನೂ ಹಾಕಿ ಮುಂದೆ ಹೋದವು. ನಾವು ನಿಂತಲ್ಲೇ ನಿಂತೆವು. ಪಕ್ಕದವರು ಓಡುತ್ತಿರುವಾಗ ನಿಂತಲ್ಲೇ ನಿಂತರೆ ಹಿಂದೆ ಬಿದ್ದ ಹಾಗೇ ಅಲ್ವಾ?

ಏಷ್ಯನ್ ಗೇಮ್ಸ್ ಒಂದನ್ನೇ ತೆಗೆದುಕೊಳ್ಳಿ. ಭಾರತದ ಮಹಿಳಾ ತಂಡ 1998ರಲ್ಲಿ ಬ್ಯಾಂಕಾಕ್‌ನಲ್ಲಿ ಆಡಿತ್ತು. ಮತ್ತೆ ಆಡಿದ್ದು 2014ರಲ್ಲಿ, ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ. ನಡುವೆ 16 ವರ್ಷ. ಒಬ್ಬ ಆಟಗಾರ್ತಿಯ ಇಡೀ ಬದುಕು ಆ ಸಂದಿನಲ್ಲಿ ಶುರುವಾಗಿ ಮುಗಿದುಹೋಗಬಹುದು. ಎಷ್ಟೋ ಜನರದ್ದು ಹಾಗೇ ಮುಗಿದೂ ಹೋಗಿರಬೇಕು.

2001ರಲ್ಲಿ ಬೆಂಬೆಂ ಅವರಿಗೆ ದೇಶದ ವರ್ಷದ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಬಂತು. ಎರಡು ವರ್ಷದ ನಂತರ ಕ್ಯಾಪ್ಟನ್ ಪಟ್ಟ. ಆಗ ಅವರಿಗೆ 23 ವರ್ಷ.

ಆ ಕಾಲದ ರಾಷ್ಟ್ರೀಯ ತಂಡ ಅಂದರೆ ವರ್ಷವಿಡೀ ಇರುವ ತಂಡವಲ್ಲ. ಯಾವುದಾದರೂ ಟೂರ್ನಿ ಗೊತ್ತಾದರೆ ಕ್ಯಾಂಪ್ ಕರೆಯುತ್ತಾರೆ. ಮಣಿಪುರ, ಒಡಿಶಾ, ಬಂಗಾಳ, ತಮಿಳುನಾಡು ಅಂತ ಬೇರೆ ಬೇರೆ ಕಡೆಯಿಂದ ಹುಡುಗಿಯರು ಬಂದು ಸೇರುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ತಿಳಿಯುವುದಿಲ್ಲ. ಕೆಲವರಿಗೆ ರೈಲ್ವೆಯಲ್ಲಿ ಕೆಲಸ, ಕೆಲವರಿಗೆ ಪೊಲೀಸ್‌ನಲ್ಲಿ, ಕೆಲವರಿಗೆ ಏನೂ ಇಲ್ಲ. ಟೂರ್ನಿ ಮುಗಿದರೆ ಕ್ಯಾಂಪೂ ಮುಗಿಯಿತು. ಎಲ್ಲರೂ ಬ್ಯಾಗ್ ಹೊತ್ತು ತಮ್ಮ ತಮ್ಮ ಊರಿಗೆ. ಮುಂದಿನ ಕ್ಯಾಂಪ್‌ಗೆ ಇದೇ ಹುಡುಗಿಯರು ವಾಪಸ್ ಬರುತ್ತಾರೆ ಅನ್ನುವ ಭರವಸೆ ಇಲ್ಲ. ಮದುವೆ, ಗಾಯ, ಮನೆಯವರ ಒತ್ತಾಯ, ದುಡ್ಡಿನ ಕಷ್ಟ, ಯಾವುದೋ ಒಂದು ಕಾರಣಕ್ಕೆ ಒಬ್ಬೊಬ್ಬರೇ ಕಳಚಿಕೊಳ್ಳುತ್ತಾರೆ. ಇಂಥ ತಂಡದಲ್ಲಿ ಕೋಚ್ ಬದಲಾಗಬಹುದು, ಮ್ಯಾನೇಜರ್ ಬದಲಾಗಬಹುದು. ಒಂದು ಕ್ಯಾಂಪ್‌ನಿಂದ ಇನ್ನೊಂದು ಕ್ಯಾಂಪ್‌ಗೆ ನೆನಪನ್ನು ಹೊತ್ತುಕೊಂಡು ಹೋಗುವವರು ಹಳೇ ಆಟಗಾರ್ತಿಯರೇ. ಹೋದ ಸಲ ಕಾರ್ನರ್ ಕಿಕ್‌ಗೆ ಹೇಗೆ ನಿಂತಿದ್ದೆವು, ನೇಪಾಳದ ಯಾವ ಆಟಗಾರ್ತಿಯನ್ನು ಒಂಟಿಯಾಗಿ ಬಿಡಬಾರದು, ಹೊಸ ಹುಡುಗಿಗೆ ಮನೆ ನೆನಪಾಗಿ ಅಳು ಬಂದರೆ ಏನು ಮಾಡಬೇಕು. ಇಷ್ಟೆಲ್ಲ ಕ್ಯಾಪ್ಟನ್ ಹೆಗಲಿಗೆ ಬೀಳುತ್ತದೆ.

ಈಗ ಆ ಖಾಲಿ ವರ್ಷಗಳಿಗೆ ಬರುತ್ತೇನೆ.

ಫುಟ್‌ಬಾಲ್ ಆಡಿದವರಿಗೆ ಒಂದು ವಿಷಯ ಗೊತ್ತು. ಎಷ್ಟೇ ಪ್ರಾಕ್ಟೀಸ್ ಮಾಡಿದರೂ ಪಂದ್ಯದ ಫಿಟ್‌ನೆಸ್ ಪಂದ್ಯ ಆಡಿದರೆ ಮಾತ್ರ ಬರುತ್ತದೆ. ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ ಹೆಚ್ಚುಕಡಿಮೆ 10 ಕಿಲೋಮೀಟರ್ ಓಡುತ್ತಾರೆ. ಅಷ್ಟು ದೂರವನ್ನು ಯಾರು ಬೇಕಾದರೂ ರಸ್ತೆಯಲ್ಲಿ ಓಡಬಹುದು. ಆದರೆ ಪಂದ್ಯದ ಓಟ ಒಂದೇ ಸಮನೆ ಇರುವುದಿಲ್ಲ. ನಿಲ್ಲು, ತಿರುಗು, ಹತ್ತು ಹೆಜ್ಜೆ ಜೋರಾಗಿ ನುಗ್ಗು, ಮೈಗೆ ಮೈ ತಾಗಿಸು, ಬೀಳು, ಏಳು, ಮತ್ತೆ ನುಗ್ಗು. ಎದುರಾಳಿ ಮುಂದೆ ಏನು ಮಾಡುತ್ತಾಳೆ ಅಂತ ಗೊತ್ತಿಲ್ಲದೆ ತೊಂಬತ್ತು ನಿಮಿಷ ಇದನ್ನು ಮಾಡಬೇಕು. ಮೈಗೆ ಮಾತ್ರವಲ್ಲ, ಕಣ್ಣಿಗೂ ಅಭ್ಯಾಸ ಬೇಕು. ಬಲವಾದ ಎದುರಾಳಿ ಎಷ್ಟು ಬೇಗ ಮೈಮೇಲೆ ಬರುತ್ತಾಳೆ ಅನ್ನುವ ಅಂದಾಜು ಆಡದಿದ್ದರೆ ತಪ್ಪಿಹೋಗುತ್ತದೆ. ತಿಂಗಳುಗಟ್ಟಲೆ ಅಂತರರಾಷ್ಟ್ರೀಯ ಪಂದ್ಯ ಆಡದ ಆಟಗಾರ್ತಿಗೆ ಮೊದಲ ಪಂದ್ಯದಲ್ಲಿ ಎಲ್ಲವೂ ಅರ್ಧ ಕ್ಷಣ ತಡವಾಗಿ ಕಾಣುತ್ತದೆ. ಆ ಅರ್ಧ ಕ್ಷಣದಲ್ಲಿ ಚೆಂಡು ಹೋಗಿರುತ್ತದೆ.

ಹದಿನೆಂಟು ತಿಂಗಳಿಗೂ ಮೀರಿ ಪಂದ್ಯವಿಲ್ಲ ಅಂದರೆ ಏನು ಅಂತ ಯೋಚಿಸಿ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಲು ಒಂದು ದಿನ ಇಲ್ಲ. ಇಷ್ಟು ದಿನ ಉಳಿದಿದೆ, ಇವತ್ತು ಇಷ್ಟು ಓಡಬೇಕು ಅಂತ ಲೆಕ್ಕ ಹಾಕುವ ಹಾಗಿಲ್ಲ. ಪರೀಕ್ಷೆಯ ದಿನಾಂಕವೇ ಇಲ್ಲದೆ ಓದುತ್ತಾ ಕೂರಬೇಕು. ಬೆಂಬೆಂ ಅವರ ಬೆನ್ನಿಗೆ ಮಣಿಪುರ ಪೊಲೀಸ್‌ನ ಕೆಲಸ ಇತ್ತು, ರಾಜ್ಯದ ಆಟ ಇತ್ತು, ರಾಷ್ಟ್ರೀಯ ಚಾಂಪಿಯನ್‌ಷಿಪ್ ಇತ್ತು. ಅಷ್ಟರಲ್ಲೇ ಅವರು ಆಟವನ್ನು ಉಳಿಸಿಕೊಂಡರು. ಬೇರೆ ರಾಜ್ಯಗಳ ಎಷ್ಟು ಜನರಿಗೆ ಅಷ್ಟಾದರೂ ಇತ್ತು? 27, 28, 29. ಫುಟ್‌ಬಾಲ್‌ನಲ್ಲಿ ಇವು ಚಿನ್ನದಂಥ ವರ್ಷಗಳು. ಮತ್ತೆ ಬರುವುದಿಲ್ಲ. ದೇಶ ಅವನ್ನು ಖರ್ಚೇ ಮಾಡದೆ ಹಾಳು ಮಾಡಿತು. ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

2010ರ ಆರಂಭದಲ್ಲಿ ಢಾಕಾದಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟ. ಅಲ್ಲಿ ಮಹಿಳಾ ಫುಟ್‌ಬಾಲ್ ಸೇರಿದ್ದು ಅದೇ ಮೊದಲ ಸಲ. ಭಾರತ ಫೈನಲ್‌ನಲ್ಲಿ ನೇಪಾಳವನ್ನು 3–1ರಿಂದ ಸೋಲಿಸಿ ಚಿನ್ನ ಗೆದ್ದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಮೊದಲ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟ) ಮಹಿಳಾ ಚಾಂಪಿಯನ್‌ಷಿಪ್. ಮತ್ತೆ ಫೈನಲ್, ಮತ್ತೆ ನೇಪಾಳ, 1–0. 2012ರಲ್ಲಿ ಕೊಲಂಬೊದಲ್ಲಿ 3–1. 2014ರಲ್ಲಿ ಇಸ್ಲಾಮಾಬಾದ್‌ನಲ್ಲಿ 6–0. ಪ್ರತಿ ಫೈನಲ್‌ನಲ್ಲೂ ಎದುರಿಗೆ ನೇಪಾಳವೇ. ಪಟ್ಟಿಯಲ್ಲಿ ಹೆಸರೇ ಇಲ್ಲದ ತಂಡ ಎದ್ದು ಬಂದು ದಕ್ಷಿಣ ಏಷ್ಯಾದಲ್ಲಿ ಯಾರಿಗೂ ಜಾಗ ಬಿಟ್ಟುಕೊಡಲಿಲ್ಲ. ಪಟ್ಟಿ ತಯಾರಿಸುವವರು ಮರೆತರೂ ಆಡುವವರು ಆಟ ಮರೆತಿರಲಿಲ್ಲ.

ಆದರೆ 2014ರ ಇಂಚಿಯಾನ್ ಬಗ್ಗೆ ಹೇಳದೆ ಈ ಗೆಲುವುಗಳ ಬಗ್ಗೆ ಮಾತ್ರ ಹೇಳಿದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಏಷ್ಯನ್ ಗೇಮ್ಸ್‌ನ ಮೊದಲ ಪಂದ್ಯದಲ್ಲಿ ಭಾರತ ಮಾಲ್ಡೀವ್ಸ್ ವಿರುದ್ಧ 15–0ರಿಂದ ಗೆದ್ದಿತು. ನಂತರ ದಕ್ಷಿಣ ಕೊರಿಯಾ ವಿರುದ್ಧ 0–10. ಅದಾದ ಮೇಲೆ ಥಾಯ್ಲೆಂಡ್ ವಿರುದ್ಧ ಮತ್ತೆ 0–10. ಕೆಲವೇ ದಿನಗಳ ಅಂತರದಲ್ಲಿ ಒಂದೇ ತಂಡದ ಮೂರು ಫಲಿತಾಂಶ. ಇದರಲ್ಲಿ ಭಾರತದ ಆಗಿನ ಸ್ಥಿತಿ ಪೂರ್ತಿ ಇದೆ. ನಮಗಿಂತ ಕಡಿಮೆ ವ್ಯವಸ್ಥೆ ಇದ್ದವರನ್ನು ಹುಡುಗಿಯರ ಪ್ರತಿಭೆ ಪುಡಿಮಾಡಿತು. ವ್ಯವಸ್ಥೆ ಇದ್ದವರ ಮುಂದೆ ಆ ಪ್ರತಿಭೆ ಒಂದೇ ಸಾಲಲಿಲ್ಲ. ಕೊರಿಯಾದ ಹುಡುಗಿಯರು ಲೀಗ್ ಆಡಿ ಬಂದಿದ್ದರು. ನಮ್ಮವರು ಕ್ಯಾಂಪ್‌ನಿಂದ ಬಂದಿದ್ದರು. ಹತ್ತು ಗೋಲು ಬಿದ್ದ ಪಂದ್ಯದ ನಂತರ ಡ್ರೆಸಿಂಗ್ ರೂಮಿನಲ್ಲಿ ಹಿರಿಯ ಆಟಗಾರ್ತಿ ಕಿರಿಯರಿಗೆ ಏನು ಹೇಳಬಹುದು? ನಾಳೆ ಇನ್ನೂ ಚೆನ್ನಾಗಿ ಆಡೋಣ ಅಂತಲೇ? ತಪ್ಪು ಹುಡುಗಿಯರದ್ದಲ್ಲ ಅಂತ ಅವರಿಗೆ ಗೊತ್ತು. ಸ್ಕೋರ್ ಬೋರ್ಡಿಗೆ ಗೊತ್ತಿಲ್ಲ.

ಅದೇ ವರ್ಷ, 34ನೇ ವಯಸ್ಸಿನಲ್ಲಿ, ಬೆಂಬೆಂ ಮಾಲ್ಡೀವ್ಸ್‌ಗೆ ಹೋಗಿ ನ್ಯೂ ರೇಡಿಯಂಟ್ ಕ್ಲಬ್ ಪರ ಆಡಿದರು. ಕ್ಲಬ್ ಚಾಂಪಿಯನ್ ಆಯಿತು. ವಿದೇಶಿ ಕ್ಲಬ್‌ಗೆ ಹೋಗಿ ಆಡಿದ ಭಾರತದ ಮೊದಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. ನಾವು 15 ಗೋಲು ಹೊಡೆದು ಸೋಲಿಸಿದ ಪುಟ್ಟ ದ್ವೀಪದೇಶ ನಮ್ಮ ಆಟಗಾರ್ತಿಯನ್ನು ಕರೆಸಿ ಆಡಿಸಿತು. ನಮ್ಮ ದೇಶದಲ್ಲಿ ಆಗ ಅವರಿಗೆ ಆಡಲು ಒಂದು ರಾಷ್ಟ್ರೀಯ ಲೀಗ್ ಇರಲಿಲ್ಲ.

2016ರ ಫೆಬ್ರವರಿಯಲ್ಲಿ ಶಿಲ್ಲಾಂಗ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಫೈನಲ್. ನೇಪಾಳದ ವಿರುದ್ಧ 4–0, ಮತ್ತೊಂದು ಚಿನ್ನ. ಅದು ಬೆಂಬೆಂ ಅವರ ಕೊನೆಯ ಅಂತರರಾಷ್ಟ್ರೀಯ ಟೂರ್ನಿ. 15ರಲ್ಲಿ ಶುರು, 35ರಲ್ಲಿ ಕೊನೆ. ಎರಡು ದಶಕ. ಕೊನೆಗೂ ತಮ್ಮ ಈಶಾನ್ಯದ ನೆಲದಲ್ಲೇ ಗೆದ್ದು ನಿಲ್ಲಿಸಿದರಲ್ಲ ಅನ್ನುವುದೊಂದು ಸಮಾಧಾನ.

ಅದೇ ವರ್ಷ ಇಂಡಿಯನ್ ವಿಮೆನ್ಸ್ ಲೀಗ್‌ನ ಮೊದಲ ಸೀಸನ್‌ಗೆ ಚಾಲನೆ ಸಿಕ್ಕಿತು. ಹೌದು, ಅವರು ಆಟ ನಿಲ್ಲಿಸಿದ ವರ್ಷವೇ! 2017ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ಫೈನಲ್‌ನಲ್ಲಿ ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, ಕಟಕ್‌ನ ರೈಸಿಂಗ್ ಸ್ಟೂಡೆಂಟ್ಸ್ ಕ್ಲಬ್ ತಂಡವನ್ನು 3–0ರಿಂದ ಸೋಲಿಸಿತು. ಗೆದ್ದ ತಂಡದ ಮ್ಯಾನೇಜರ್ ಆಗಿ ಹೊಣೆ ಹೊತ್ತವರು ಬೆಂಬೆಂ ದೇವಿ. ಇಪ್ಪತ್ತು ವರ್ಷ ತಮಗೆ ಸಿಗದ ಲೀಗ್ ತಮ್ಮ ನಂತರದವರಿಗೆ ಸಿಕ್ಕಾಗ ಅವರು ದೂರ ನಿಂತು ನೋಡಲಿಲ್ಲ. ಅದರ ಮೊದಲ ಕಪ್ಪನ್ನೇ ಹುಡುಗಿಯರಿಂದ ಗೆಲ್ಲಿಸಿದರು. ಅವರ ಬದುಕಿನಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ ಇದು.

ಪ್ರಶಸ್ತಿಗಳ ವಿಷಯ ಬೇಗ ಹೇಳಿಬಿಡುತ್ತೇನೆ. 2013ರಲ್ಲಿ ಎರಡನೇ ಸಲ ವರ್ಷದ ಆಟಗಾರ್ತಿ. 2017ರಲ್ಲಿ ಅರ್ಜುನ. ಶಾಂತಿ ಮಲ್ಲಿಕ್ ನಂತರ ಅರ್ಜುನ ಪಡೆದ ಎರಡನೇ ಮಹಿಳಾ ಫುಟ್‌ಬಾಲ್ ಆಟಗಾರ್ತಿ ಇವರು. 1983ರಿಂದ 2017. ಎಣಿಸಿದರೆ 34 ವರ್ಷ. 2020ರಲ್ಲಿ ಪದ್ಮಶ್ರೀ. ಈ ಗೌರವ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿಯೂ ಇವರೇ. ಪೇಪರಿನವರು ಇವರನ್ನು ಭಾರತೀಯ ಫುಟ್‌ಬಾಲ್‌ನ ದುರ್ಗೆ ಅಂತ ಕರೆಯುತ್ತಾರೆ. ಪ್ರೀತಿಯಿಂದಲೇ ಕರೆದದ್ದು, ಒಪ್ಪುತ್ತೇನೆ. ಆದರೂ ನನಗೆ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ದೇವಿಯರಿಗೆ ಫಿಸಿಯೋ ಬೇಡ, ಸಂಬಳ ಬೇಡ, ಪಂದ್ಯದ ವೇಳಾಪಟ್ಟಿ ಬೇಡ. ಆಟಗಾರ್ತಿಗೆ ಇವೆಲ್ಲ ಬೇಕು. ಅವರನ್ನು ಮನುಷ್ಯರಾಗಿ ನೋಡಿದರೆ ಮಾತ್ರ ಅವರಿಗೆ ಏನೇನು ಕೊಡಲಿಲ್ಲ ಅನ್ನುವುದು ಕಣ್ಣಿಗೆ ಬೀಳುತ್ತದೆ.

ಅವರ ನಂತರ ಬಂದವರ ದಾರಿ ಸ್ವಲ್ಪ ಬೇರೆ. ಮಣಿಪುರದವರೇ ಆದ ಬಾಲಾ ದೇವಿ 2020ರ ಜನವರಿಯಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್ ಕ್ಲಬ್ ಸೇರಿದರು. ಯುರೋಪಿನಲ್ಲಿ ವೃತ್ತಿಪರ ಒಪ್ಪಂದ ಪಡೆದ ಮೊದಲ ಭಾರತೀಯ ಮಹಿಳೆ. ಆಶಾಲತಾ ದೇವಿ, ಅವರೂ ಇಂಫಾಲದವರೇ, ಕ್ಯಾಪ್ಟನ್ ಆಗಿ ಬಹಳ ವರ್ಷ ತಂಡ ನಡೆಸಿದರು. 2022ರ ಜನವರಿಯಲ್ಲಿ ಏಷ್ಯನ್ ಕಪ್ ನಮ್ಮ ನೆಲದಲ್ಲೇ ಶುರುವಾಯಿತು. ನವಿ ಮುಂಬೈಯಲ್ಲಿ ಇರಾನ್ ವಿರುದ್ಧ ಮೊದಲ ಪಂದ್ಯ 0–0. ಅಷ್ಟರಲ್ಲಿ ತಂಡದ ಶಿಬಿರದಲ್ಲಿ ಕೋವಿಡ್ ಹಬ್ಬಿತು. ಚೈನೀಸ್ ತೈಪೆ (ತೈವಾನ್) ವಿರುದ್ಧದ ಎರಡನೇ ಪಂದ್ಯಕ್ಕೆ ಬೇಕಾದ 13 ಆಟಗಾರ್ತಿಯರೂ ಉಳಿಯಲಿಲ್ಲ. ಭಾರತ ಟೂರ್ನಿಯಿಂದ ಹೊರಬಿದ್ದಿತು. ಆಟದಲ್ಲಿ ಸೋತರೆ ಅತ್ತು ಹಗುರಾಗಬಹುದು. ಆಡದೆ ಹೊರಬಿದ್ದರೆ ಅಳುವಿಗೂ ಜಾಗವಿಲ್ಲ.

2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನಲ್ಲಿ ಪಾಕಿಸ್ತಾನದ ವಿರುದ್ಧ ಆಡಿದಾಗ ಆಶಾಲತಾ 100 ಅಂತರರಾಷ್ಟ್ರೀಯ ಪಂದ್ಯ ಪೂರೈಸಿದರು. ಭಾರತದ ಮಹಿಳೆಯರಲ್ಲಿ ಇದು ಮೊದಲು. ಅದೇ ಪಂದ್ಯದಲ್ಲಿ ಬಾಲಾ ದೇವಿ ದೇಶದ ಪರ ತಮ್ಮ 50ನೇ ಗೋಲು ಹೊಡೆದರು. ಆ ಸುದ್ದಿ ಓದಿ ಖುಷಿಯಾಯಿತು, ಜೊತೆಗೇ ಒಂದು ಲೆಕ್ಕವೂ ತಲೆಗೆ ಬಂತು. ಎರಡು ದಶಕ ಆಡಿದ ಬೆಂಬೆಂ ನೂರು ಮುಟ್ಟಲಿಲ್ಲ. ಕಾಲಲ್ಲಿ ಬಲವಿರಲಿಲ್ಲ ಅಂತಲ್ಲ. ಪಂದ್ಯಗಳೇ ಇರಲಿಲ್ಲ.

2025ರ ಜುಲೈ 5, ಥಾಯ್ಲೆಂಡ್‌ನ ಚಿಯಾಂಗ್ ಮಾಯ್. ಏಷ್ಯನ್ ಕಪ್ ಅರ್ಹತಾ ಸುತ್ತಿನ ಕೊನೆಯ ಪಂದ್ಯ. ಎದುರಿಗೆ ಅದೇ ಥಾಯ್ಲೆಂಡ್, ಅದೂ ಅವರ ಮನೆಯಂಗಳದಲ್ಲೇ. 11 ವರ್ಷದ ಹಿಂದೆ ನಮಗೆ 10 ಗೋಲು ಹೊಡೆದ ತಂಡ. ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದರು. ಭಾರತ 2–1. ಅರ್ಹತಾ ಸುತ್ತು ಆಡಿ, ಗೆದ್ದು ಏಷ್ಯನ್ ಕಪ್‌ಗೆ ಹೋದದ್ದು ನಮಗೆ ಅದೇ ಮೊದಲು. ಕ್ಯಾಪ್ಟನ್ ಸ್ವೀಟಿ ದೇವಿ, ಮತ್ತೆ ಮಣಿಪುರ. ಪಂದ್ಯ ಮುಗಿದ ಸೀಟಿ ಕೇಳಿದಾಗ ನಾನು ಫೋನ್ ಪರದೆಯ ಮುಂದೆ ಎದ್ದು ನಿಂತಿದ್ದೆ. ಕಣ್ಣು ತುಂಬಿತ್ತು, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ಈ ಹತ್ತು ವರ್ಷದಲ್ಲಿ ಬದಲಾದದ್ದು ಏನು? ಹುಡುಗಿಯರ ಪ್ರತಿಭೆ ಮುಂಚೆಯೂ ಇತ್ತು. ಲೀಗ್ ಬಂತು. 2023–24ರಿಂದ ಅದು ತವರು ಮೈದಾನ, ಎದುರಾಳಿ ಮೈದಾನ ಎರಡೂ ಕಡೆ ಆಡುವ ಲೀಗ್ ಆಯಿತು. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಅದರ ಫೈನಲ್ ತನಕ ಹೋಗಿತ್ತು. ವರ್ಷದಲ್ಲಿ ಪಂದ್ಯಗಳ ಸಂಖ್ಯೆ ಏರಿತು. ಬರಬೇಕಾದ್ದು ಇನ್ನೂ ಬಹಳ ಇದೆ, ಲೀಗ್ ಇನ್ನೂ ಉದ್ದವಾಗಬೇಕು, ಹುಡುಗಿಯರ ಕೈಗೆ ಬರುವ ದುಡ್ಡು ಜಾಸ್ತಿಯಾಗಬೇಕು. ಆದರೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಲು ದಿನಾಂಕಗಳಿವೆ.

ನನಗೆ ಈಗ ಬೇಕಾಗಿರುವುದು ಒಂದು ಕೆಲಸ. ಬೆಂಬೆಂ ದೇವಿ ಒಟ್ಟು ಎಷ್ಟು ಪಂದ್ಯ ಆಡಿದರು, ಎಷ್ಟು ಗೋಲು ಹೊಡೆದರು ಅಂತ ಹುಡುಕಲು ಹೋದರೆ ಒಂದೊಂದು ಕಡೆ ಒಂದೊಂದು ಅಂಕಿ ಸಿಗುತ್ತದೆ. ತೊಂಬತ್ತರ ದಶಕದ ಎಷ್ಟೋ ಪಂದ್ಯಗಳಲ್ಲಿ ಯಾರು ಆಡಿದರು ಅನ್ನುವುದನ್ನು ಯಾರೂ ನೆಟ್ಟಗೆ ಬರೆದಿಟ್ಟಿಲ್ಲ. ಆದರೆ ಆ ತಂಡದಲ್ಲಿ ಆಡಿದವರು ಇನ್ನೂ ನಲವತ್ತು, ಐವತ್ತರ ಆಸುಪಾಸಿನಲ್ಲಿದ್ದಾರೆ. ಕೆಲವರು ಇಂಫಾಲದ ಪೊಲೀಸ್ ಮೈದಾನಗಳಲ್ಲಿ, ಕೆಲವರು ರೈಲ್ವೆ ಕಚೇರಿಗಳಲ್ಲಿ ಕೆಲಸದಲ್ಲೇ ಇರಬಹುದು. ಹಳೇ ಪಾಸ್‌ಪೋರ್ಟ್‌ಗಳಲ್ಲಿ ಮುದ್ರೆಗಳಿವೆ, ಫೋಟೋಗಳಿವೆ, ಇಂಫಾಲದ ಪತ್ರಿಕೆಗಳ ಹಳೇ ಸಂಚಿಕೆಗಳಿವೆ. ಯಾರಾದರೂ ಕೂತು, ಅವರ ಮನೆಗೆ ಹೋಗಿ, ಪಂದ್ಯ ಪಂದ್ಯವಾಗಿ ಕೇಳಿ ಬರೆದುಕೊಳ್ಳಬೇಕು. ಫೆಡರೇಷನ್ ಮಾಡಿದರೆ ಒಳ್ಳೆಯದು. ಮಾಡದಿದ್ದರೆ ನಮ್ಮಂಥ ಅಭಿಮಾನಿಗಳು ಶುರು ಮಾಡಬಹುದು. 1995ರ ಮಲೇಷ್ಯಾದ ಟೂರ್ನಿಯಿಂದಲೇ ಶುರು ಮಾಡೋಣ. ಆ ಟೂರ್ನಿಯಲ್ಲಿ ಭಾರತದ ಅಂಗಿ ತೊಟ್ಟ ಅಷ್ಟೂ ಹುಡುಗಿಯರ ಹೆಸರು ಮೊದಲ ಪುಟದಲ್ಲಿ ಬರಲಿ.